ನೈನಿತಾಲ್: ಒಂದು ಗಿರಿಪಟ್ಟಣದ ಪೂರ್ವೋತ್ತರ

ಕುಮಾವೋ ಪ್ರಾಂತದ ಜನರಿಗೆ ನೈನಿತಾಲಿನ ಸರೋವರ ಅನಾದಿಯಿಂದ ಪರಿಚಿತವಾಗಿದ್ದಿತು. ಆದರೂ ಅವರು ಅದರ ದಡದಲ್ಲಿ ಊರು ಕಟ್ಟಲಿಲ್ಲ. ಸುತ್ತಲೂ ಕಾಡು, ನಡುವೆ ನೀರು, ನೀರಿನಂಚಿನಲ್ಲಿ ದೇವಿಯ ಸ್ಥಾನ. ವರ್ಷಕ್ಕೊಮ್ಮೆ ಬಂದು ಜಾತ್ರೆ ನಡೆಸಿ, ಮತ್ತೆ ತಮ್ಮ ಹಳ್ಳಿಗಳಿಗೆ ಹಿಂದಿರುಗುತ್ತಿದ್ದರು. ಸತೀದೇವಿಯ ಕಣ್ಣು ಬಿದ್ದ ಸ್ಥಳವೆಂಬ ನಂಬಿಕೆಯಿಂದ ಆ ದೇವಿಗೆ ನೈನಾ ಎಂಬ ಹೆಸರು. ಸ್ಕಂದಪುರಾಣದ ಮಾನಸಖಂಡವು ಅತ್ರಿ, ಪುಲಸ್ತ್ಯ, ಪುಲಹರೆಂಬ ಮೂವರು ಋಷಿಗಳ ಹೆಸರಿನಲ್ಲಿ ಇದನ್ನು ತ್ರಿಋಷಿ ಸರೋವರವೆಂದು ಕರೆಯುತ್ತದೆ.

ಗೂರ್ಖರೊಡನೆ ನಡೆದ ಯುದ್ಧದ ಫಲವಾಗಿ ಕುಮಾವೋ 1815ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅಲ್ಲಿ ಕಮಿಷನರನಾಗಿದ್ದ ಟ್ರೇಲ್ ಎಂಬಾತ ಸರೋವರವನ್ನು ಕಂಡಿದ್ದನೆಂದೂ, ಜನರ ಶ್ರದ್ಧೆಗೆ ಭಂಗ ಬಾರದಿರಲೆಂದು ಆ ವಿಷಯವನ್ನು ತನ್ನವರಲ್ಲಿ ಪ್ರಚುರಪಡಿಸಲಿಲ್ಲವೆಂದೂ ಹೇಳುವುದುಂಟು. ಅಧಿಕಾರವಿದ್ದೂ ಸುಮ್ಮನಿರಬಲ್ಲವರು ಯಾವ ಕಾಲದಲ್ಲಿಯೂ ವಿರಳ. ಆ ಸಂಯಮ ಮುಂದಿನವರಲ್ಲಿ ಉಳಿಯಲಿಲ್ಲ.

1841ರಲ್ಲಿ ಬ್ಯಾರನ್ ಎಂಬ ಷಹಜಹಾನಪುರದ ಸಕ್ಕರೆ ವ್ಯಾಪಾರಿ ಇಲ್ಲಿಗೆ ಬಂದನು. ಮರುವರ್ಷ ಬೆಟ್ಟದ ಮೇಲಕ್ಕೆ ಒಂದು ದೋಣಿಯನ್ನೇ ಹೊರಿಸಿ ತಂದನು. ಈ ನೆಲದ ಹಕ್ಕುದಾರನೆನಿಸಿದ ನರಸಿಂಗ ಎಂಬ ಸ್ಥಳೀಯ ಮುಖಂಡನು ತನ್ನ ಹಕ್ಕನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಬ್ಯಾರನ್ ಅವನನ್ನು ವಿಹಾರದ ನೆಪದಲ್ಲಿ ದೋಣಿ ಹತ್ತಿಸಿ, ಸರೋವರದ ನಡುವೆ ಕರೆದೊಯ್ದು, ಸಹಿ ಹಾಕದಿದ್ದರೆ ನೀರಿಗೆ ನೂಕುವುದಾಗಿ ಹೆದರಿಸಿ, ತನ್ನ ಕಿರುಪುಸ್ತಕದಲ್ಲಿ ಬರೆಸಿಕೊಂಡನು. ಇದು ವೈರಿಗಳು ಹೊರಿಸಿದ ಅಪವಾದವಲ್ಲ. ತನ್ನ ಪ್ರವಾಸಕಥನದಲ್ಲಿ ಬ್ಯಾರನ್ ತಾನೇ ವಿನೋದದ ಪ್ರಸಂಗವೆಂಬಂತೆ ಹೇಳಿಕೊಂಡದ್ದು. ಈಜು ಬಾರದವನ ಪ್ರಾಣಭಯವನ್ನು ಸಮ್ಮತಿಯೆಂದು ಕರೆಯಲು ಎಂಥ ಮನಸ್ಸು ಬೇಕು! ನರಸಿಂಗನಿಗೆ ಮುಂದೆ ಅಲ್ಪ ಸಂಬಳದ ಪಟವಾರಿ ಕೆಲಸ ದೊರೆಯಿತು. ಸರೋವರದ ಸುತ್ತ ಬಂಗಲೆಗಳು ಏಳತೊಡಗಿದವು. 1862ರ ಹೊತ್ತಿಗೆ ಊರು ವಾಯವ್ಯ ಪ್ರಾಂತಗಳ ಸರ್ಕಾರಕ್ಕೆ ಬೇಸಿಗೆಯ ರಾಜಧಾನಿಯಾಯಿತು.

ಈ ನೆಲದ ಸ್ವರೂಪವನ್ನು ಇಲ್ಲಿ ತುಸು ಅರಿಯಬೇಕು. ಸಮುದ್ರಮಟ್ಟದಿಂದ ಸುಮಾರು 1,940 ಮೀಟರ್ ಎತ್ತರದಲ್ಲಿರುವ ನೈನಿತಾಲ್ ಒಂದು ಬಟ್ಟಲಿನಂತಿದೆ. ಉತ್ತರದಲ್ಲಿ 2,600 ಮೀಟರಿಗೂ ಮಿಗಿಲಾದ ನೈನಾ ಶಿಖರ, ಒಂದು ಮಗ್ಗುಲಲ್ಲಿ ಶೇರ್‌ಕಾದಂಡಾ, ಇನ್ನೊಂದರಲ್ಲಿ ಅಯಾರಪಟ್ಟಾ. ಬಟ್ಟಲಿನ ತಳದಲ್ಲಿ ಸುಮಾರು 1.4 ಕಿಲೋಮೀಟರ್ ಉದ್ದದ, 27 ಮೀಟರಿನಷ್ಟು ಆಳದ ಸರೋವರ. ಸುತ್ತಣ ಶಿಲೆ ಬಿರುಕುಬಿಟ್ಟ ಪದರಗಲ್ಲು ಮತ್ತು ಸುಣ್ಣಕಲ್ಲು. ಭೂಮಿಯ ಒಂದು ಸ್ತರಭಂಗ ಸರೋವರದ ಮೂಲಕವೇ ಹಾದುಹೋಗಿದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆ ಹಿತಕರ. ವರ್ಷದ ಮಳೆ ಸಾಮಾನ್ಯವಾಗಿ 2,000 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗ ಜೂನ್ ನಡುವಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಇಂಥ ಇಳಿಜಾರಿನಲ್ಲಿ ಮರ ಕಡಿದು ಮಣ್ಣು ಅಗೆದರೆ ಮಳೆನೀರು ಶಿಲೆಯ ಬಿರುಕುಗಳೊಳಗೆ ಇಳಿದು ಬೆಟ್ಟವನ್ನು ಸಡಿಲಗೊಳಿಸುತ್ತದೆ.

1867ರಲ್ಲಿ ಬೆಟ್ಟ ಒಮ್ಮೆ ಕುಸಿದಿತ್ತು. 1880ರ ಸೆಪ್ಟೆಂಬರಿನಲ್ಲಿ ಮಳೆ ಎಡೆಬಿಡದೆ ಸುರಿಯಿತು. 18ರ ಬೆಳಿಗ್ಗೆ ಶೇರ್‌ಕಾದಂಡಾದ ಇಳಿಜಾರು ಸ್ವಲ್ಪ ಜರಿದು ಒಂದು ಹೋಟೆಲಿನ ಹಿಂಭಾಗದಲ್ಲಿದ್ದವರನ್ನು ಹೂತಿತು. ಸಿಪಾಯಿಗಳೂ ಊರವರೂ ಕೂಡಿ ಅವರನ್ನು ಹೊರತೆಗೆಯುವುದರಲ್ಲಿ ತೊಡಗಿದ್ದರು. ಮಧ್ಯಾಹ್ನ ಮೇಲಿನ ಬೆಟ್ಟವೇ ಕಳಚಿ, ಕೆಲವೇ ಕ್ಷಣಗಳಲ್ಲಿ ಹೋಟೆಲನ್ನೂ ಸಭಾಭವನವನ್ನೂ ನೈನಾದೇವಿಯ ಗುಡಿಯನ್ನೂ ಕೊಚ್ಚಿಕೊಂಡು ಸರೋವರಕ್ಕೆ ಬಿದ್ದಿತು. ಸತ್ತವರು 151 ಮಂದಿ. ಅವರಲ್ಲಿ 108 ಮಂದಿ ಭಾರತೀಯರು, 43 ಮಂದಿ ಐರೋಪ್ಯರು. ಅನ್ಯರ ಪ್ರಾಣ ಉಳಿಸಲು ಗುದ್ದಲಿ ಹಿಡಿದು ನಿಂತಿದ್ದವರೇ ಅವರಲ್ಲಿ ಅನೇಕರು. ಬೆಟ್ಟದ ಮಣ್ಣು ತುಂಬಿ ಮಲ್ಲಿತಾಲಿನ ಮೈದಾನ ವಿಸ್ತಾರವಾಯಿತು. ಇಂದಿಗೂ ಆಟೋಟಗಳೂ ನಂದಾದೇವಿಯ ಜಾತ್ರೆಯೂ ನಡೆಯುವುದು ಆ ನೆಲದಲ್ಲಿಯೇ. ಗುಡಿಯನ್ನು ಸರೋವರದ ದಡದಲ್ಲಿ ಮತ್ತೆ ಕಟ್ಟಲಾಯಿತು.

ದುರಂತದ ಬಳಿಕ ಆಡಳಿತವು ಎಚ್ಚೆತ್ತಿತು. ಮಳೆನೀರನ್ನು ಬೆಟ್ಟದೊಳಗೆ ಇಂಗಗೊಡದೆ ನೇರವಾಗಿ ಸರೋವರಕ್ಕೆ ಸಾಗಿಸಲು ಇಳಿಜಾರುಗಳ ಮೇಲೆ ಕಲ್ಲಿನ ಕಾಲುವೆಗಳ ಜಾಲವನ್ನೇ ಕಟ್ಟಿದರು. ಅಪಾಯದ ಸ್ಥಳಗಳಲ್ಲಿ ಕಟ್ಟಡಗಳಿಗೆ ನಿರ್ಬಂಧ ಹಾಕಿದರು. ಪಟ್ಟಣ ಇಂದು ನಿಂತಿರುವುದು ಬಹುಮಟ್ಟಿಗೆ ಆ ಕಾಲುವೆಗಳ ಬಲದಿಂದ. ಆದರೆ ಕಾಲುವೆ ಕಟ್ಟಿದ ಭಯ ಒಂದು ತಲೆಮಾರಿನದು. ಅದರಲ್ಲಿ ಕಸ ಸುರಿಯುವ ಕೈಗಳು ಮುಂದಿನ ತಲೆಮಾರುಗಳವು. ಇತಿಹಾಸಕಾರ ಅಜಯ್ ಸಿಂಗ್ ರಾವತ್ ಅವರು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕೊಳಚೆ ಸರೋವರಕ್ಕೆ ಸೇರದಂತೆ ತಡೆಯಬೇಕೆಂದೂ ಬಹುಮಹಡಿ ಕಟ್ಟಡಗಳನ್ನು ನಿಲ್ಲಿಸಬೇಕೆಂದೂ ಆದೇಶಿಸಿತು. ಪಟ್ಟಣಕ್ಕೆ ಕುಡಿಯುವ ನೀರು ದೊರೆಯುವುದೂ ಇದೇ ಸರೋವರದಿಂದ ಎಂಬುದನ್ನು ನೆನೆದರೆ, ಇಂಥ ಮಾತನ್ನು ನ್ಯಾಯಾಲಯವೇ ಹೇಳಬೇಕಾಗಿ ಬಂದುದು ವಿಷಾದಕರ.

ಸರೋವರಕ್ಕೆ ನೆಲದಡಿಯಿಂದ ನೀರೂಡುವ ಸೂಖಾತಾಲ್ ಎಂಬ ಮಳೆಗಾಲದ ಕೆರೆಯ ಪಾತ್ರದೊಳಗೂ ಮನೆಗಳೆದ್ದವು. 2017ರ ಬೇಸಿಗೆಯಲ್ಲಿ ಸರೋವರದ ನೀರು ಬಹಳ ಕೆಳಗಿಳಿದು ದಡದ ಕೆಸರು ಹೊರಬಿದ್ದಿತು. ಮರುವರ್ಷದ ಆಗಸ್ಟಿನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ಭಾಗ ಜರಿದು ನೀರಿಗೆ ಬಿದ್ದಿತು. ತಲ್ಲಿತಾಲಿನಿಂದ ಸರೋವರದ ಹೆಚ್ಚುನೀರು ಹೊರಹರಿಯುವ ಬಲಿಯಾ ನಾಲೆಯ ದಂಡೆ ಮಳೆಗಾಲಗಳಲ್ಲಿ ಮತ್ತೆಮತ್ತೆ ಕುಸಿದು, ಅಂಚಿನಲ್ಲಿದ್ದ ಬಡ ಕುಟುಂಬಗಳು ಮನೆ ಬಿಟ್ಟು ಬೇರೆಡೆಗೆ ತೆರಳಬೇಕಾಯಿತು.