ಉಕ್ಕಿನ ಊರಲ್ಲಿ ಬಿದಿರಿನ ಸಾರುವೆ

ಮೊನ್ನೆ ನಮ್ಮ ಬೀದಿಯಲ್ಲಿ ಮೂರಂತಸ್ತಿನ ಮನೆಯೊಂದಕ್ಕೆ ಬಣ್ಣ ಬಳಿಯುವ ಕೆಲಸ ಶುರುವಾಯಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಎದುರಿಗೇ ಬಿದಿರಿನ ಸಾರುವೆ! ವಿಶಾಖಪಟ್ಟಣ ಅಂದರೆ ಉಕ್ಕಿನ ಊರು. 1971ರಲ್ಲಿ ಇಂದಿರಾ ಗಾಂಧಿ ಇಲ್ಲಿನ ಕಾರ್ಖಾನೆಗೆ ಅಡಿಗಲ್ಲಿಟ್ಟರು, 1992ರಲ್ಲಿ ಅದು ದೇಶಕ್ಕೆ ಸಮರ್ಪಣೆಯಾಯಿತು. ಆದರೂ ನಮ್ಮ ಬೀದಿಯಲ್ಲಿ ಇನ್ನೂ ಬಿದಿರೇ. ಯಾಕೋ ಖುಷಿಯಾಯಿತು.

ಇಲ್ಲಿಗೆ ಬರುವ ಮೊದಲು ನಾನು ಕೆಲವು ವರ್ಷ ವಿಜಯವಾಡದಲ್ಲಿದ್ದೆ. ತೆಲುಗು ಒಂದಕ್ಷರ ಬಾರದ ಕಾಲ. ಕಟ್ಟಡದ ಕೆಲಸದವರ ನಡುವೆ ನಿಂತಾಗ ಕಿವಿಗೆ ಬಿದ್ದ ಮೊದಲ ಪರಿಚಿತ ಶಬ್ದಗಳು 'ವೆದುರು', 'ಸಾರುವ'. ನಮ್ಮ ಬಿದಿರು, ನಮ್ಮ ಸಾರುವೆ! ತಮಿಳರಿಗೆ ಅದೇ 'ಸಾರಂ'. ಪರ ಊರಿನಲ್ಲಿ ನೆಂಟರು ಸಿಕ್ಕ ಹಾಗಾಯಿತು. ಹಳೆಯ ಇಟ್ಟಿಗೆ ಗೋಡೆಗಳಲ್ಲಿ ಸಾಲಾಗಿ ಚಿಕ್ಕ ತೂತುಗಳನ್ನು ನೀವೂ ನೋಡಿರಬಹುದು. ಅಡ್ಡಗಳ ಸಿಕ್ಕಿಸಲು ಬಿಟ್ಟ ಜಾಗ ಅದು. ಸಾರುವೆ ಬಿಚ್ಚಿಹೋದರೂ ಗುರುತು ಉಳಿಯುತ್ತದೆ.

ಅಲ್ಲಿಯೇ ಒಂದು ದಿನ ಅಡ್ಡಗಳ ಮುರಿದು ಗಾರೆ ಕೆಲಸದ ಹುಡುಗನೊಬ್ಬ ಕೆಳಗೆ ಬಿದ್ದ. ಜೀವ ಉಳಿಯಿತು, ಕಾಲು ಮುರಿಯಿತು. "ಬಿದಿರನ್ನು ನಂಬಿದರೆ ಹೀಗೇ" ಎಂದು ಗುತ್ತಿಗೆದಾರ ಕೈತೊಳೆದುಕೊಂಡ. ಸಾರುವೆ ಕಟ್ಟುವ ಮುದುಕ ಮಾತ್ರ ಮುರಿದ ಗಳವನ್ನು ನೆಲಕ್ಕೆ ಕುಟ್ಟಿ ತೋರಿಸಿದ. ಹಿಟ್ಟಿನಂಥ ಪುಡಿ ಉದುರಿತು. ಹುಳ ತಿಂದು ಟೊಳ್ಳಾದ ಹಳೇ ಗಳವನ್ನೇ ಮತ್ತೆ ಕಟ್ಟಿಸಿದ್ದರು!

ಆಮೇಲೆ ಓದಿ ತಿಳಿದದ್ದು ಇಷ್ಟು. ಬಿದಿರು ಹುಲ್ಲಿನ ಜಾತಿ. ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಬೆಳೆಯುತ್ತದೆ, ಆದರೆ ಬಲಿಯಲು ಮೂರು ವರ್ಷವಾದರೂ ಬೇಕು. ಎಳೆಯದನ್ನು ಕಡಿದರೆ ಬಲವಿಲ್ಲ. ಒಳಗಿನ ಪಿಷ್ಟಕ್ಕೆ ಹುಳ ಬರುತ್ತದೆ. ಅದಕ್ಕೇ ಹಿಂದಿನವರು ಕಡಿದ ಬಿದಿರನ್ನು ನೀರಲ್ಲಿ ನೆನೆಹಾಕುತ್ತಿದ್ದರು. ಈಗ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣವಿದೆ. ಬಲಿತದ್ದನ್ನು ಆರಿಸಿ ಕಡಿದರೆ ಮೆಳೆ ಸಾಯುವುದಿಲ್ಲ, ಮಳೆಗಾಲಕ್ಕೆ ಮತ್ತೆ ಕಳಲೆ ಬರುತ್ತದೆ. ಪರಿಸರಕ್ಕೆ ಒಳ್ಳೆಯದು ಅನ್ನುವ ಮಾತಿನ ಹುರುಳು ಇಷ್ಟೇ, ಆದರೆ ಈ ತಾಳ್ಮೆ ಇದ್ದರೆ ಮಾತ್ರ.

ಕಾನೂನಿನ ಕಥೆ ಇನ್ನೂ ತಮಾಷೆ. 1927ರ ಭಾರತೀಯ ಅರಣ್ಯ ಕಾಯ್ದೆ ಈ ಹುಲ್ಲನ್ನು 'ಮರ' ಎಂದು ಕರೆಯಿತು. ಕಾಡಿನ ಹೊರಗೆ ಬೆಳೆದ ಬಿದಿರಿಗೆ ಆ ಹೆಸರು ತಪ್ಪಿದ್ದು 2017ರ ತಿದ್ದುಪಡಿಯಲ್ಲಿ, 90 ವರ್ಷದ ಮೇಲೆ! ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯ ಕೆಳಗೆ 1998ರಲ್ಲಿ ಕೇಂದ್ರ ಮಾಡಿದ ನಿಯಮಗಳೂ ಬಿದಿರಿನ ಸಾರುವೆಯನ್ನು ಬೇಡ ಅನ್ನಲಿಲ್ಲ. ಗಳ ಒಳ್ಳೆಯ ಸ್ಥಿತಿಯಲ್ಲಿರಲಿ, ಚಾಚಿದ ಗಿಣ್ಣು ಸವರಿರಲಿ ಅಂದವು. ಮುದುಕ ಹೇಳಿದ್ದೂ ಅದನ್ನೇ.

ಇದೆಲ್ಲ ಈಗ ನೆನಪಾಗಲು ಹಾಂಗ್‌ಕಾಂಗ್ ಕಾರಣ. ಗಗನಚುಂಬಿಗಳಿಗೂ ಬಿದಿರಿನ ಸಾರುವೆ ಕಟ್ಟುವ ಊರದು. 2025ರ ನವೆಂಬರ್ 26ರಂದು ಅಲ್ಲಿನ ತೈ ಪೋದಲ್ಲಿ ದುರಸ್ತಿಯಲ್ಲಿದ್ದ ವಸತಿ ಗೋಪುರಗಳಿಗೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಸತ್ತರು. ಟೀವಿಯಲ್ಲಿ ಉರಿಯುವ ಬಿದಿರು ಕಂಡವರೆಲ್ಲ ಬಿದಿರನ್ನೇ ಬೈದರು. ಬಿದಿರು ಉರಿಯುತ್ತದೆ, ನಿಜ. ಆದರೆ ಹೊದಿಸಿದ್ದ ಬಲೆಯ ಕೆಲವು ಮಾದರಿಗಳು ಬೆಂಕಿ ತಡೆಯುವ ಪರೀಕ್ಷೆಯಲ್ಲಿ ಸೋತವು, ಕಿಟಕಿಗಳಿಗೆ ಫೋಮ್ ಹಲಗೆ ಮುಚ್ಚಿದ್ದರು ಎಂಬುದು ಬೇಗನೇ ಹೊರಬಂತು. ನನಗೆ ವಿಜಯವಾಡದ ಗುತ್ತಿಗೆದಾರ ಕಣ್ಣ ಮುಂದೆ ಬಂದ.

ಇರಲಿ. ಎದುರುಮನೆಯ ಸಾರುವೆ ಕಟ್ಟುವವ ಪ್ರತಿ ಗಳವನ್ನೂ ನೆಲಕ್ಕೆ ಕುಟ್ಟಿ, ಕಿವಿಗೊಟ್ಟು ಕೇಳಿ ಮೇಲೆ ಕಳಿಸುತ್ತಿದ್ದ. ಒಂದನ್ನು ಪಕ್ಕಕ್ಕೆ ಎಸೆದ. "ಯಾಕಪ್ಪಾ?" ಎಂದೆ. ಪುಡಿ ಉದುರಿದ ಅಂಗೈ ತೋರಿಸಿದ. ನಾನು ಒಳಗೆ ಹೋಗಿ ಅವನಿಗೂ ಒಂದು ಲೋಟ ಕಾಫಿ ತಂದೆ.