ಆರ್ಕ್ನಿ ದ್ವೀಪಗಳು: ಕಾರು ಹಾಗೂ ಸಣ್ಣ ವಿಮಾನದ ಮೂಲಕ ಪ್ರವಾಸ

ಆರ್ಕ್ನಿ ದ್ವೀಪಸಮೂಹವು ಸ್ಕಾಟ್ಲೆಂಡ್‌ನ ಉತ್ತರ ಕರಾವಳಿಯಾಚೆ ಇದೆ. ಇದರ ಅತಿ ದೊಡ್ಡ ದ್ವೀಪ ಮೇನ್‌ಲ್ಯಾಂಡ್. ಮುಖ್ಯ ಪಟ್ಟಣ ಕರ್ಕ್‌ವಾಲ್.

ರಸ್ತೆ ಮಾರ್ಗ: ಮೇನ್‌ಲ್ಯಾಂಡ್‌ನಿಂದ ದಕ್ಷಿಣದ ನಾಲ್ಕು ದ್ವೀಪಗಳಿಗೆ ಕಾರಿನಲ್ಲಿಯೇ ತೆರಳಬಹುದಾಗಿದೆ. 1939ರ ಅಕ್ಟೋಬರ್ 14ರಂದು ಸ್ಕಾಪಾ ಫ್ಲೋ ನೆಲೆಯಲ್ಲಿ ಜರ್ಮನಿಯ ಜಲಾಂತರ್ಗಾಮಿಯು ಬ್ರಿಟನ್ನಿನ ರಾಯಲ್ ಓಕ್ ಯುದ್ಧನೌಕೆಯನ್ನು ಮುಳುಗಿಸಿತು. 800ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ತದನಂತರ ಈ ನೆಲೆಯ ಪೂರ್ವದ ಜಲಮಾರ್ಗಗಳನ್ನು ಮುಚ್ಚಲು ನಿರ್ಮಿಸಲಾದ ನಾಲ್ಕು ಚರ್ಚಿಲ್ ತಡೆಗೋಡೆಗಳ ಮೇಲೆಯೇ ಈ ರಸ್ತೆ ಸಾಗುತ್ತದೆ. ನಿರ್ಮಾಣದಲ್ಲಿ ದುಡಿದ ಇಟಲಿಯ ಯುದ್ಧಕೈದಿಗಳು ಎರಡು ತಗಡಿನ ಶೆಡ್ಡುಗಳನ್ನು ಜೋಡಿಸಿ ರೂಪಿಸಿದ ಪ್ರಾರ್ಥನಾ ಮಂದಿರವನ್ನು ಲ್ಯಾಂಬ್ ಹೋಮ್ ದ್ವೀಪದಲ್ಲಿ ವೀಕ್ಷಿಸಬಹುದು.

ವಿಮಾನ ಮಾರ್ಗ: ಉತ್ತರದ ಹೊರ ದ್ವೀಪಗಳಿಗೆ ರಸ್ತೆ ಸಂಪರ್ಕವಿರುವುದಿಲ್ಲ. ಕರ್ಕ್‌ವಾಲ್‌ನಿಂದ ಐಲ್ಯಾಂಡರ್ ಮಾದರಿಯ ಸಣ್ಣ ವಿಮಾನಗಳು ಸಂಚರಿಸುತ್ತವೆ. ವೆಸ್ಟ್ರೆ ಹಾಗೂ ಪಾಪಾ ವೆಸ್ಟ್ರೆ ನಡುವಿನ ಸುಮಾರು 2.7 ಕಿ.ಮೀ. ಹಾರಾಟವು ಎರಡು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತಿದ್ದು, ವಿಶ್ವದ ಅತಿ ಕಿರು ನಿಗದಿತ ವಿಮಾನಯಾನವೆಂದು ಪ್ರಸಿದ್ಧವಾಗಿದೆ.

ಪ್ರವಾಸಿಗರ ಗಮನಕ್ಕೆ: ವಿಮಾನದಲ್ಲಿ ಆಸನಗಳು ಹತ್ತಕ್ಕಿಂತ ಕಡಿಮೆ. ದ್ವೀಪವಾಸಿಗಳ ಚಿಕಿತ್ಸೆ, ಶಿಕ್ಷಕರ ಓಡಾಟಗಳಿಗೂ ಇದೇ ಆಧಾರ. ಆದುದರಿಂದ ಆಸನವನ್ನು ಮುಂಚಿತವಾಗಿ ಕಾಯ್ದಿರಿಸಿ, ಪ್ರಯಾಣ ರದ್ದಾದಲ್ಲಿ ಕೂಡಲೇ ತಿಳಿಸತಕ್ಕದ್ದು. ಬಿರುಗಾಳಿಯಲ್ಲಿ ಅಲೆಗಳು ತಡೆಗೋಡೆಯನ್ನು ದಾಟಿ ಬರುವುದರಿಂದ ರಸ್ತೆಯನ್ನು, ಮಂಜು ಕವಿದಾಗ ಹಾರಾಟವನ್ನು ನಿಲ್ಲಿಸಲಾಗುತ್ತದೆ. ಹಿಂದಿರುಗುವ ಮುನ್ನ ಒಂದು ದಿನವನ್ನು ಬಿಡುವಾಗಿ ಇರಿಸಿಕೊಳ್ಳುವುದು ಸೂಕ್ತ.