ಬೆಂಗಳೂರಿನ ಥೀಮ್ ಬಾರ್‌ಗಳು: ನಮ್ಮ ಜಿಲ್ಲೆಯಿಂದ ಹೋಗೋರು ತಿಳಿದಿರಬೇಕಾದ್ದು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬಾರ್‌ಗಳಲ್ಲಿ ಕಾಕ್‌ಟೇಲ್ ಕೇಳಿದರೆ ಸಪ್ಲೈಯರ್ ಒಂದು ಕ್ಷಣ ಮುಖ ನೋಡ್ತಾನೆ. ಇಲ್ಲಿನ ಲೆಕ್ಕ ನೈಂಟಿ, ಕ್ವಾರ್ಟರ್, ಬಿಯರ್, ಜೊತೆಗೆ ಒಂದು ಪ್ಲೇಟ್ ಕಬಾಬ್. ಸಿಎಲ್-9 ಪರವಾನಗಿಯ ಬಾರ್ ಅಂಡ್ ರೆಸ್ಟೋರೆಂಟ್ ಅಂದ್ರೆ ಅಷ್ಟೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಂಗಳೂರಲ್ಲಿ ಕೆಲಸಕ್ಕಿರುವ ಮಕ್ಕಳು, ವಾರಾಂತ್ಯಕ್ಕೆ ಹೋಗಿಬರುವ ಗೆಳೆಯರು ಈಗ ಬೇರೆಯದೇ ಜಾಗಗಳ ಫೋಟೋ ಕಳಿಸ್ತಾರೆ. ಅಡುಗೆಮನೆ ದಾಟಿ ಹೋಗಬೇಕಾದ ಬಾರ್, ಪುಸ್ತಕದ ಕಪಾಟಿರುವ ಬಾರ್, 21ನೇ ಮಹಡಿಯ ಬಾರ್. ಇವು ಏನು, ಎಲ್ಲಿವೆ, ನಮ್ಮ ಕಡೆಯಿಂದ ಹೋಗೋದಾದರೆ ಯಾವುದು ಅನುಕೂಲ, ಮುಖ್ಯವಾಗಿ ರಾತ್ರಿ ವಾಪಸ್ ಬರೋದು ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ಕಾಕ್‌ಟೇಲ್ ಅಂದ್ರೆ ಏನು?

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು 1806ರಲ್ಲೇ ಓದುಗನೊಬ್ಬನ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು: ಮದ್ಯ, ಸಕ್ಕರೆ, ನೀರು, ಕಹಿರಸ. ಇವತ್ತಿಗೂ ಮೂಲ ಅದೇ. ಹುಳಿ, ಸಿಹಿ, ಕಹಿ ಮೂರನ್ನೂ ಮದ್ಯದ ಖಾರಕ್ಕೆ ಸರಿದೂಗಿಸೋದೇ ಕೆಲಸ. ನಮ್ಮ ಸಾರಿಗೆ ಹುಣಸೆಹಣ್ಣು, ಬೆಲ್ಲ ಹಾಕೋ ಲೆಕ್ಕದ ಹಾಗೆ.

ಥೀಮ್ ಅನ್ನೋದು ಆಮೇಲೆ ಬಂದದ್ದು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಜನ ಕಳ್ಳಬಾಗಿಲ ಹಿಂದೆ ಕುಡಿದರು. ಆ ಗುಟ್ಟಿನ ಬಾರ್‌ಗಳಿಗೆ ‘ಸ್ಪೀಕ್‌ಈಸಿ’ ಅಂತ ಹೆಸರು. ನಿಷೇಧ ಹೋದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಬಿದಿರು, ತೆಂಗಿನಗರಿ, ಮರದ ವಿಗ್ರಹ ಇಟ್ಟು ದಕ್ಷಿಣ ಸಮುದ್ರದ ದ್ವೀಪದ ವೇಷ ಹಾಕಿದ ‘ಟಿಕಿ’ ಬಾರ್‌ಗಳು ಹುಟ್ಟಿದವು. ಗುಟ್ಟಿನ ಬಾಗಿಲು ಮತ್ತು ದೂರದ ಊರಿನ ವೇಷ, ಈ ಎರಡೇ ಇವತ್ತಿನ ಬೆಂಗಳೂರಿನ ಮುಕ್ಕಾಲು ಪಾಲು ಥೀಮ್ ಬಾರ್‌ಗಳ ಬಂಡವಾಳ.

ಬೆಂಗಳೂರಿಗೂ ಇದು ಹೊಸದಲ್ಲ

ಬೆಂಗಳೂರಿಗೆ ‘ಪಬ್ ಸಿಟಿ’ ಹೆಸರು ಬಂದದ್ದು 80ರ ದಶಕದ ಕೊನೆಯಲ್ಲಿ, ಡ್ರಾಫ್ಟ್ ಬಿಯರ್ ಸಿಗೋ ಪಬ್‌ಗಳು ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಸುತ್ತ ಸಾಲಾಗಿ ತೆರೆದಾಗ. ಅವುಗಳಲ್ಲಿ ಚರ್ಚ್ ಸ್ಟ್ರೀಟಿನ ‘ನಾಸಾ’ ಒಳಗೆ ಬಾಹ್ಯಾಕಾಶ ನೌಕೆಯ ಹಾಗೇ ಇತ್ತು. ಈ ಭಾಗದ ಎಷ್ಟೋ ಜನರಿಗೆ ಕಾಲೇಜು ದಿನಗಳಲ್ಲಿ ಬಸ್ಸು ಹತ್ತಿ ಹೋಗಿ ನೋಡಿದ ಮೊದಲ ಪಬ್ ಅದೇ. ಈಗ ಅದಿಲ್ಲ.

ಉಳಿದಿರೋದು ‘ಪೆಕೋಸ್’. ಬ್ರಿಗೇಡ್ ರಸ್ತೆಯ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ಶುರುವಾದದ್ದು. ಗೋಡೆ ತುಂಬಾ ಹಳೇ ರಾಕ್ ಸಂಗೀತಗಾರರ ಪೋಸ್ಟರ್, ಮಗ್ಗಿನಲ್ಲಿ ಬಿಯರ್, ಅದೇ ಹಳೇ ಹಾಡು. ನಿಜ ಹೇಳಬೇಕಂದ್ರೆ ಇದು ಕಾಕ್‌ಟೇಲ್ ಜಾಗವೇ ಅಲ್ಲ. ಆದರೂ ಪಟ್ಟಿಯಲ್ಲಿ ಸೇರಿಸಲೇಬೇಕು. ಕೋಟಿ ಸುರಿದು ‘ಹಳೇ ಕಾಲದ ಲುಕ್’ ಕೊಟ್ಟ ಹೊಸ ಬಾರ್‌ಗಳ ನಡುವೆ ಇದು ತಾನಾಗೇ ಹಳತಾದ ಬಾರ್. ಮೊದಲ ಸಲ ಹೋಗೋರು ಇಲ್ಲಿಂದ ಶುರು ಮಾಡಿದರೆ ಜೇಬಿಗೂ ಒಳ್ಳೇದು.

ಬಳ್ಳಾರಿ ರಸ್ತೆಯಲ್ಲೇ ಸಿಗೋದು: ಕೊಪಿಟಾಸ್

ಚಿಕ್ಕಬಳ್ಳಾಪುರ, ಶಿಡ್ಲಘಟ್ಟದವರಿಗೆ ಅತಿ ಹತ್ತಿರದ್ದು ಇದು. ದೇವನಹಳ್ಳಿ ಮೇಲೆ ಬಂದು ಹೆಬ್ಬಾಳದ ಫ್ಲೈಓವರ್ ಇಳಿದರೆ ಬಳ್ಳಾರಿ ರಸ್ತೆಯಲ್ಲಿ, ಗಂಗಾನಗರದ ಹತ್ತಿರ ಫೋರ್ ಸೀಸನ್ಸ್ ಹೋಟೆಲ್. ಅದರ 21ನೇ ಮಹಡಿಯಲ್ಲಿ ಕೊಪಿಟಾಸ್. ಹೆಸರು ಸ್ಪ್ಯಾನಿಷ್ ಪದ. ಮದ್ಯದ ವಾಸನೆ, ರುಚಿ ನೋಡಲು ಬಳಸೋ ಸಣ್ಣ ಗ್ಲಾಸಿಗೆ ಹಾಗಂತಾರೆ. ಏಷ್ಯಾದ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲಿ ಹೆಸರು ಬಂದ ಬೆಂಗಳೂರಿನ ಬಾರ್‌ಗಳಲ್ಲಿ ಇದೂ ಒಂದು. ಕತ್ತಲಾದ ಮೇಲೆ ಮೇಲಿಂದ ಊರಿನ ದೀಪ ನೋಡೋದೇ ಅರ್ಧ ಮಜಾ. ಹಾಗಾಗಿ ಏಳು ಗಂಟೆ ಒಳಗೆ ಹೋಗಿ, ಬೆಳಕು ಇಳಿಯೋದನ್ನೂ ನೋಡಬಹುದು.

ಅಡುಗೆಮನೆ ಹಿಂದೆ: ಝಡ್‌ಎಲ್‌ಬಿ23

ಹಳೇ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ಹೋಟೆಲ್‌ನಲ್ಲಿದೆ. ಬೋರ್ಡು ಹುಡುಕಿದರೆ ಸಿಗಲ್ಲ. ಹೋಟೆಲಿನ ಸಿಬ್ಬಂದಿ ನಿಮ್ಮನ್ನ ಅಡುಗೆಮನೆ ಕಡೆಯಿಂದ, ಸಾಮಾನು ಸಾಗಿಸೋ ಲಿಫ್ಟ್‌ನಲ್ಲಿ ಕರೆದುಕೊಂಡು ಹೋಗ್ತಾರೆ. ಬಾಗಿಲು ತೆಗೆದರೆ ಜಪಾನಿನ ಕ್ಯೋಟೋ ನಗರದ, 1920ರ ದಶಕದ ವೇಷ. ಮಂದ ಬೆಳಕು, ಜಾಝ್ ಸಂಗೀತ. ಸ್ಪೀಕ್‌ಈಸಿ ಅನ್ನೋದನ್ನ ಒಂದು ಸಲ ನೋಡಲೇಬೇಕು ಅನ್ನೋರಿಗೆ ಇದೇ ಸರಿ. ಪಂಚತಾರಾ ಹೋಟೆಲಿಗೆ ಗುಟ್ಟಿನ ಬಾಗಿಲು ಯಾಕೆ ಅಂತ ಕೇಳಬಾರದು, ನಾಟಕ ನೋಡೋಕೆ ಹೋದ ಹಾಗೆ ಹೋಗಬೇಕು. ಮೊದಲೇ ಟೇಬಲ್ ಕಾಯ್ದಿರಿಸದೆ ಅಲ್ಲಿಯವರೆಗೆ ಹೋದರೆ ವಾಪಸ್ ಬರಬೇಕಾದೀತು.

ಇದೇ ಏಷ್ಯಾ ಪಟ್ಟಿಯಲ್ಲಿ ಕಾಣಿಸಿಕೊಂಡ ಇನ್ನೆರಡು ಅಂದ್ರೆ ಇಂದಿರಾನಗರದ ‘ಸೋಕಾ’ ಮತ್ತು ಲ್ಯಾವೆಲ್ ರಸ್ತೆಯ ‘ಬಾರ್ ಸ್ಪಿರಿಟ್ ಫಾರ್ವರ್ಡ್’. ಎರಡನೆಯದರ ಹೆಸರಲ್ಲೇ ವಿಷಯ ಇದೆ: ಜ್ಯೂಸು, ಸೋಡಾ ಕಡಿಮೆ, ಮದ್ಯವೇ ಮುಂದು. ಸಿಹಿ ಕುಡಿಯೋ ಆಸೆ ಇರೋರಿಗೆ ಅಲ್ಲ.

ಚಿಂತಾಮಣಿಯವರಿಗೆ ವೈಟ್‌ಫೀಲ್ಡ್, ಇಂದಿರಾನಗರ

ಚಿಂತಾಮಣಿಯಿಂದ ಹೊಸಕೋಟೆ ಮೇಲೆ ಬರೋರು ನಗರದ ಒಳಗೆ ಕಾರು ತರೋದೇ ಬೇಡ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡ್ತಿದೆ. ಇಂದಿರಾನಗರ, ಎಂ.ಜಿ. ರಸ್ತೆ ಎರಡೂ ಅದೇ ಮಾರ್ಗದಲ್ಲಿವೆ.

ವೈಟ್‌ಫೀಲ್ಡ್‌ನ ಇಪಿಐಪಿ ಪ್ರದೇಶದಲ್ಲಿ 2012ರಿಂದ ಇರುವ ‘ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್’ ಈ ಪಟ್ಟಿಯಲ್ಲಿ ಮನೆಮಂದಿಯನ್ನೂ ಕರೆದುಕೊಂಡು ಹೋಗಬಹುದಾದ ಜಾಗ. ಗೋಡೆಯುದ್ದಕ್ಕೂ ಪುಸ್ತಕ, ಎದುರಿಗೆ ಜಾಝ್ ಕಛೇರಿಗೆ ಅಂತಲೇ ಕಟ್ಟಿದ ರಂಗಮಂದಿರ, ಅಲ್ಲೇ ತಯಾರಿಸುವ ಬಿಯರ್. ಕಛೇರಿ ಇರೋ ದಿನ ಟಿಕೆಟ್ ಬೇರೆ. ಕುಡಿಯದವರೂ ಹೋಗಿ ಊಟ ಮಾಡಿ, ಹಾಡು ಕೇಳಿ ಬರಬಹುದಾದ್ದು ಇದೊಂದೇ ಅಂದರೂ ತಪ್ಪಿಲ್ಲ.

ಇಂದಿರಾನಗರದ ‘ಬಾಬ್ಸ್ ಬಾರ್’ ಥೀಮ್ ಇನ್ನೂ ತಮಾಷೆ. ಅದರ ಥೀಮ್ ಹಳೇ ಬೆಂಗಳೂರು. ಅಂದ್ರೆ ನಮ್ಮೂರ ಬಾರ್‌ಗಳಲ್ಲಿ ಇವತ್ತಿಗೂ ಸಿಗೋ ವಾತಾವರಣವನ್ನೇ, ಊರಿನ ಕುರುಕು ತಿಂಡಿ, ನಾಟಿ ಅಡುಗೆ ಸಮೇತ, ಇಂದಿರಾನಗರದಲ್ಲಿ ಕೂತು ಅನುಭವಿಸೋದು. ನಗು ಬಂದರೂ ಖುಷಿಯಾಗುತ್ತೆ.

ಗೌರಿಬಿದನೂರಿಗೆ ಹತ್ತಿರ: ದೊಡ್ಡಬಳ್ಳಾಪುರದ ದ್ರಾಕ್ಷಿತೋಟ

ಗೌರಿಬಿದನೂರಿನವರು ಬೆಂಗಳೂರಿನವರೆಗೆ ಹೋಗಬೇಕಂತಿಲ್ಲ. ದಾರಿಯಲ್ಲೇ, ದೊಡ್ಡಬಳ್ಳಾಪುರದ ಹತ್ತಿರ ರಘುನಾಥಪುರದ ಕಡೆ ಗ್ರೋವರ್ ಜಂಪಾ ವೈನರಿ ಇದೆ. ಕನ್ವಲ್ ಗ್ರೋವರ್ ಅವರು 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿ ನೆಟ್ಟು ಕಟ್ಟಿದ್ದು. 90ರ ದಶಕದ ಮಧ್ಯದಿಂದ ಫ್ರಾನ್ಸಿನ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆ ಕೊಟ್ಟರು. ಮೊದಲೇ ಬುಕ್ ಮಾಡಿದರೆ ತೋಟ, ಓಕ್ ಮರದ ಪೀಪಾಯಿ ಇಟ್ಟ ಕೋಣೆ ತೋರಿಸಿ ನಾಲ್ಕಾರು ವೈನ್ ರುಚಿ ನೋಡಿಸ್ತಾರೆ. ಹಗಲಿನ ಕಾರ್ಯಕ್ರಮ, ಸಂಜೆಗೆ ಮನೆ.

ಇಲ್ಲಿ ಒಂದು ಮಾತು. ನಮ್ಮ ಜಿಲ್ಲೆಯ ದ್ರಾಕ್ಷಿ ‘ಬೆಂಗಳೂರು ಬ್ಲೂ’ಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ವರ್ಷಕ್ಕೆ ಎರಡು ಬೆಳೆ ಕೊಡೋ ಈ ಹಣ್ಣು ಜ್ಯೂಸ್, ಜಾಮ್, ಸಿಹಿ ವೈನ್‌ಗೆ ಹೋಗುತ್ತೆ. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ಸಾರಾಯಿ ನಿಷೇಧವಾದ, ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾದ ವರ್ಷವೂ ಅದೇ. 2020ರ ಲಾಕ್‌ಡೌನ್‌ನಲ್ಲಿ ವೈನರಿ, ಮಾರುಕಟ್ಟೆ ಎರಡೂ ನಿಂತು ಹಣ್ಣು ತೋಟದಲ್ಲೇ ಕೊಳೆತದ್ದು ಇಲ್ಲಿನ ರೈತರಿಗೆ ಮರೆತಿಲ್ಲ. ಬೆಂಗಳೂರಿನ ದುಬಾರಿ ಬಾರಿನಲ್ಲಿ ಕೂತಾಗ ಬೆಂಗಳೂರು ಬ್ಲೂ ಹಾಕಿದ್ದು ಏನಾದರೂ ಇದೆಯಾ ಅಂತ ಬಾರ್‌ಟೆಂಡರನ್ನ ಕೇಳಿ. ನಲವತ್ತು ಮೈಲಿ ಆಚೆಯ ಹಣ್ಣಿಗೆ ಗಿರಾಕಿ ಇದ್ದಾರೆ ಅಂತ ಅವರಿಗೂ ಗೊತ್ತಾಗಲಿ.

ಬಟ್ಟೆ, ವಯಸ್ಸು, ಬಿಲ್ಲು

ವಯಸ್ಸು 21 ದಾಟಿರಬೇಕು. ಆಧಾರ್ ಅಥವಾ ಡಿಎಲ್ ಜೊತೆಗಿರಲಿ. ಹೋಟೆಲ್ ಬಾರ್‌ಗಳಲ್ಲಿ ಚಪ್ಪಲಿ, ಚಡ್ಡಿ ಹಾಕಿದ ಗಂಡಸರನ್ನ ಬಾಗಿಲಲ್ಲೇ ನಿಲ್ಲಿಸೋದುಂಟು. ಬರೀ ಗಂಡಸರ ಗುಂಪಿಗೆ ಶನಿವಾರ ರಾತ್ರಿ ಪ್ರವೇಶ ಇಲ್ಲ ಅನ್ನೋ ಪಬ್‌ಗಳೂ ಇವೆ. ಫೋನ್ ಮಾಡಿ ಕೇಳಿಕೊಂಡು ಹೋಗೋದೇ ಮೇಲು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಒಳಗೆ ಬಿಡದ ಪ್ರಕರಣ ವಿಧಾನಸಭೆವರೆಗೆ ಹೋಗಿ, ಸರ್ಕಾರ ಮಾಲನ್ನೇ ಒಂದು ವಾರ ಮುಚ್ಚಿಸಿತ್ತು. ಬಾಗಿಲಲ್ಲಿ ಯಾರಾದರೂ ಮರ್ಯಾದೆ ಬಿಟ್ಟು ಮಾತಾಡಿದರೆ ಸುಮ್ಮನಿರಬೇಕಿಲ್ಲ.

ಪಂಚತಾರಾ ಹೋಟೆಲ್‌ನಲ್ಲಿ ಒಂದು ಕಾಕ್‌ಟೇಲ್ ಸಾವಿರ ರೂಪಾಯಿ ದಾಟೋದು ಸಾಮಾನ್ಯ. ಮದ್ಯ ಜಿಎಸ್‌ಟಿಗೆ ಬರೋದಿಲ್ಲ, ರಾಜ್ಯದ ತೆರಿಗೆ, ಊಟಕ್ಕೆ ಜಿಎಸ್‌ಟಿ. ಬಿಲ್ಲಿನ ಕೊನೆಯಲ್ಲಿ ‘ಸರ್ವಿಸ್ ಚಾರ್ಜ್’ ಸಾಲು ಇದೆಯಾ ನೋಡಿ. ಅದು ತೆರಿಗೆಯಲ್ಲ, ಕಡ್ಡಾಯವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನ ಎತ್ತಿಹಿಡಿದಿದೆ. ಬೇಡ ಅಂತ ಹೇಳಿ ತೆಗೆಸಬಹುದು. ಸಪ್ಲೈಯರ್ ಚೆನ್ನಾಗಿ ನೋಡಿಕೊಂಡಿದ್ದರೆ ಟಿಪ್ಸನ್ನ ಅವರ ಕೈಗೇ ಕೊಡಿ.

ವಾಪಸ್ ಬರೋದು

2024ರ ಜುಲೈ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಬಾರ್‌ಗಳು ರಾತ್ರಿ 1ರವರೆಗೆ ತೆರೆದಿರಬಹುದು. ಮೆಟ್ರೊ ಕೊನೆ ರೈಲು 11ರ ಸುಮಾರಿಗೇ ಹೋಗುತ್ತೆ. ನಮ್ಮ ಊರುಗಳಿಗೆ ಆ ಹೊತ್ತಲ್ಲಿ ಬಸ್ಸು ನಂಬಿಕೊಂಡು ಕೂರೋ ಹಾಗಿಲ್ಲ. ಹಾಗಾಗಿ ‘ಎರಡೇ ತಾನೇ, ನಾನೇ ಓಡಿಸ್ತೀನಿ’ ಅನ್ನೋ ಮಾತು ಬರುತ್ತೆ. ಅದರ ಲೆಕ್ಕ ನೋಡಿ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಆಲ್ಕೋಹಾಲ್ ಇರಬಾರದು. ಮೊದಲ ಸಲಕ್ಕೆ 10,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂ., ಎರಡು ವರ್ಷದವರೆಗೆ ಜೈಲು. ನಮ್ಮಲ್ಲಿ ಸಿಗೋ ವಿಸ್ಕಿ, ರಮ್ ಸಾಮಾನ್ಯವಾಗಿ ಶೇ 42.8. ಒಂದು ಕಾಕ್‌ಟೇಲ್‌ಗೆ 60 ಮಿ.ಲೀ. ಹಾಕಿದರೆ ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. 70 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದು 40 ಮಿ.ಗ್ರಾಂ. ಆಸುಪಾಸಿಗೆ ಏರಬಹುದು, ಹೆಂಗಸರಲ್ಲಿ, ತೂಕ ಕಡಿಮೆ ಇರೋರಲ್ಲಿ ಇನ್ನೂ ಹೆಚ್ಚು. ಅಂದರೆ ಒಂದೇ ಗ್ಲಾಸಿಗೆ ಮಿತಿ ದಾಟಿದ ಹಾಗೆ. ಹಣ್ಣಿನ ರಸ, ಸಕ್ಕರೆ ಬೆರೆತಿರೋದರಿಂದ ನಾಲಿಗೆಗೆ ಇದು ಗೊತ್ತಾಗಲ್ಲ, ಕಾಕ್‌ಟೇಲ್‌ನ ಮೋಸ ಅದೇ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯೊಂದರಲ್ಲಿ ಇದರ ಎರಡರಷ್ಟು ಇರುತ್ತೆ.

ಮೈ ಇದನ್ನ ಇಳಿಸೋದು ಗಂಟೆಗೆ 10ರಿಂದ 15 ಮಿ.ಗ್ರಾಂ. ಮಾತ್ರ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಇದನ್ನ ಬೇಗ ಮಾಡೋದಿಲ್ಲ. 9ರಿಂದ 11.30ರ ಒಳಗೆ ಮೂರು ಕಾಕ್‌ಟೇಲ್ ಕುಡಿದವರು ಮಿತಿಯೊಳಗೆ ಬರಲು ನಸುಕಿನ ನಾಲ್ಕೋ ಐದೋ ಆಗಬಹುದು. ದೇವನಹಳ್ಳಿ ದಾಟಿದ ಮೇಲೆ ಹೆದ್ದಾರಿ ಖಾಲಿ, ಲಾರಿಗಳ ವೇಗ ಜಾಸ್ತಿ. ಹಾಗಾಗಿ ಗುಂಪಿನಲ್ಲಿ ಒಬ್ಬರು ಕುಡಿಯದೆ ಇರೋದು, ಇಲ್ಲಾ ನಮ್ಮೂರಿಂದಲೇ ಡ್ರೈವರ್ ಕರೆದುಕೊಂಡು ಹೋಗೋದು, ಇವೆರಡೇ ಸರಿಯಾದ ದಾರಿ. ನಾಲ್ಕು ಜನ ಹಂಚಿಕೊಂಡರೆ ಡ್ರೈವರ್ ಬಾಟ ಒಂದು ಕಾಕ್‌ಟೇಲ್‌ನ ಬೆಲೆಗಿಂತ ಕಡಿಮೆ ಬೀಳುತ್ತೆ. ಅದೂ ಆಗದಿದ್ದರೆ ಯಲಹಂಕ, ಹೆಬ್ಬಾಳದ ಕಡೆ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದು, ತಿಂಡಿ ಮುಗಿಸಿಕೊಂಡು ಹೊರಡಿ. ಡ್ರೈವರ್‌ಗೆ ಊಟ ಮೊದಲು ಹೇಳಿ, ಹತ್ತರ ಮೇಲೆ ಪಕ್ಕದ ಹೋಟೆಲ್‌ಗಳು ಮುಚ್ಚಿರುತ್ತವೆ.